ನಿಂತ ಗಾಡಿಗೆ ಗುದ್ದಿದರೆ ತಪ್ಪು ಯಾರದು? ಸ್ಥಳದಲ್ಲಿ ನಾನು ನೋಡುವುದು ಇವನ್ನು

ಅಪಘಾತವಾದ ಗಾಡಿಗಳನ್ನು ವಿಮೆ ಕ್ಲೇಮಿಗಾಗಿ ಪರಿಶೀಲಿಸುವುದು ನನ್ನ ಕೆಲಸ. ನಿಂತ ಗಾಡಿಗೆ ಯಾರಾದರೂ ಗುದ್ದಿದ್ದರೆ, ತಪ್ಪು ಗುದ್ದಿದವರದೇ ಎಂದುಕೊಂಡೇ ಶುರು ಮಾಡುತ್ತೇನೆ. ಅದನ್ನು ಬದಲಿಸಲು ಸ್ಥಳದಲ್ಲಿ ಏನಾದರೂ ಸಿಗಬೇಕು. ‘ಅವರು ನೋ ಪಾರ್ಕಿಂಗಲ್ಲಿ ನಿಲ್ಲಿಸಿದ್ರು ಸಾರ್’ ಅನ್ನುವ ಮಾತೊಂದೇ ಸಾಲದು. ಅದಕ್ಕೆ ದಂಡ ಬೇರೆ, ಅಪಘಾತದ ಹೊಣೆ ಬೇರೆ. ಹಗಲು ಹೊತ್ತು, ನೇರ ರಸ್ತೆಯಲ್ಲಿ ನೂರು ಮೀಟರ್ ದೂರದಿಂದಲೇ ಕಾಣುತ್ತಿದ್ದ ಕಾರಿಗೆ ಗುದ್ದಿದ್ದರೆ ಅಲ್ಲಿ ಬೋರ್ಡು ಇತ್ತೋ ಇಲ್ಲವೋ ಮುಖ್ಯವಲ್ಲ. ಅದೇ ಕಾರು ತಿರುವು ದಾಟಿದ ಕೂಡಲೇ ಅರ್ಧ ಲೇನ್ ತಿಂದುಕೊಂಡು ನಿಂತಿದ್ದರೆ ಲೆಕ್ಕ ಬೇರೆ.

ತಲೆನೋವಿನ ಪ್ರಕರಣಗಳೆಲ್ಲ ರಾತ್ರಿಯವು. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಕಂಡು, ತಿಳಿದು, ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 33 ಮೀಟರ್ ಹೋಯಿತು. ಒಣ ಟಾರಿನ ಮೇಲೆ, ಒಳ್ಳೆ ಟೈರಿದ್ದರೂ, ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 70ರ ಹತ್ತಿರ. ಡಿಮ್ ಲೈಟಿನಲ್ಲಿ ಧೂಳು ಹಿಡಿದ ಲಾರಿಯ ಹಿಂಭಾಗ 50 ಮೀಟರಿನಿಂದ ಕಂಡರೆ ಹೆಚ್ಚು. ಹಾಗಾಗಿ ದೀಪ, ರಿಫ್ಲೆಕ್ಟರ್, ರಸ್ತೆ ಮೇಲಿಡುವ ಎಚ್ಚರಿಕೆಯ ತ್ರಿಕೋನ ಒಂದೂ ಇಲ್ಲದೆ ಲಾರಿ ನಿಲ್ಲಿಸಿದವರಿಗೂ ತಪ್ಪಿನಲ್ಲಿ ಪಾಲು ಬರುತ್ತದೆ. ಗುದ್ದಿದವರು ಇದರಿಂದ ಪೂರ್ತಿ ಪಾರಾದರು ಅಂತಲ್ಲ. 60ರಲ್ಲಿ ಬಂದಿದ್ದರೆ ಸುಮಾರು 45 ಮೀಟರಿಗೆ ನಿಲ್ಲುತ್ತಿತ್ತಲ್ಲ ಎಂಬ ಪ್ರಶ್ನೆ ಅವರಿಗೂ ಬಂದೇ ಬರುತ್ತದೆ. ಇನ್ನು ತ್ರಿಕೋನವನ್ನು ಬಂಪರಿಗೇ ಒರಗಿಸಿಡುವವರಿದ್ದಾರೆ. ದೂರದಲ್ಲಿಟ್ಟಿದ್ದರೆ ಹಿಂದಿನಿಂದ ಬರುವವರಿಗೆ ಸಿಗುತ್ತಿದ್ದಷ್ಟು ಮುಂಚಿತ ಎಚ್ಚರಿಕೆ ಅದರಿಂದ ಸಿಗುವುದಿಲ್ಲ.

‘ಪಾರ್ಕಿಂಗ್ ಲೈಟ್ ಹಾಕಿದ್ದೆ’ ಎಂದು ಒಬ್ಬರು, ‘ಇರಲೇ ಇಲ್ಲ’ ಎಂದು ಇನ್ನೊಬ್ಬರು. ಆಗ ಹಿಂದಿನ ಬಲ್ಬ್ ಬಿಚ್ಚುತ್ತೇನೆ. ಉರಿಯುತ್ತಿದ್ದಾಗ ಪೆಟ್ಟು ಬಿದ್ದರೆ ಕಾದು ಮೆತ್ತಗಾದ ತಂತಿ ಜಗ್ಗಿ, ಸುರುಳಿ ಬಿಚ್ಚಿ ಸೊಟ್ಟಗಾಗಿರುತ್ತದೆ. ಗಾಜೂ ಒಡೆದಿದ್ದರೆ ಬಿಸಿ ತಂತಿಗೆ ಗಾಳಿ ತಗುಲಿ ಅದು ಕಪ್ಪಾಗುತ್ತದೆ, ಸುತ್ತ ಬಿಳಿಹಳದಿ ಪುಡಿ ಕೂರುತ್ತದೆ. ಆರಿದ್ದ ಬಲ್ಬಿನ ತಂತಿ ಮುರಿದಿದ್ದರೂ ಹೊಳಪು ಹಾಗೇ ಇರುತ್ತದೆ. ಎಲ್‌ಇಡಿಯಲ್ಲಿ ಈ ಸುಳಿವಿಲ್ಲ. ಗ್ಯಾರೇಜಿನವರು ಒಡೆದ ಲೈಟನ್ನು ಮೊದಲ ದಿನವೇ ಎಸೆದುಬಿಡುತ್ತಾರೆ, ಬಿಡಬೇಡಿ.

ಗಾಡಿ ನಿಜಕ್ಕೂ ನಿಂತಿತ್ತೇ ಎಂಬುದನ್ನು ಚಕ್ರ ಹೇಳುತ್ತದೆ. ನಿಂತ ಚಕ್ರಕ್ಕೆ ಉಜ್ಜಿದರೆ ರಿಮ್ಮಿನ ಒಂದೇ ಭಾಗದಲ್ಲಿ, ಒಂದೇ ದಿಕ್ಕಿಗೆ ಗೀರು. ತಿರುಗುತ್ತಿದ್ದರೆ ಸುತ್ತಲೂ ಗೀರು. ಹ್ಯಾಂಡ್‌ಬ್ರೇಕ್ ಹಾಕಿದ ಗಾಡಿಯನ್ನು ದೂಡಿದ್ದರೆ ಟೈರಿನ ಕೆಳಗೆ ರಸ್ತೆ ಮೇಲೆ ಕಪ್ಪು ಉಜ್ಜುಗುರುತು ಉಳಿದಿರುತ್ತದೆ. ಗುದ್ದಿದವರು ಬ್ರೇಕ್ ಹಾಕಿದ್ದರೇ ಅನ್ನುವುದಕ್ಕೆ ಎರಡೂ ಗಾಡಿಯ ಗುರುತುಗಳ ಎತ್ತರವನ್ನು ನೆಲದಿಂದ ಅಳೆಯುತ್ತೇನೆ. ಜೋರಾಗಿ ಬ್ರೇಕ್ ಹಾಕಿದ ಕಾರಿನ ಮೂತಿ ಕೆಲವು ಸೆಂಟಿಮೀಟರ್ ಕುಗ್ಗುವುದರಿಂದ, ನಿಂತ ಗಾಡಿಯ ಮೇಲಿನ ಗುರುತು ಗುದ್ದಿದ ಕಾರಿನ ಬಂಪರಿನ ಮಾಮೂಲಿ ಎತ್ತರಕ್ಕಿಂತ ಕೆಳಗಿರುತ್ತದೆ.

ಎರಡು ಸಂದರ್ಭದಲ್ಲಿ ಹೊಣೆ ಬಹುಮಟ್ಟಿಗೆ ನಿಲ್ಲಿಸಿದವರ ಕಡೆಗೇ ಹೋಗುತ್ತದೆ. ಒಂದು, ಇಳಿಜಾರಿನಲ್ಲಿ ತಾನಾಗಿ ಉರುಳಿದ ಗಾಡಿ. ಗೇರ್ ಎಲ್ಲಿತ್ತು, ಹ್ಯಾಂಡ್‌ಬ್ರೇಕ್ ಎಷ್ಟು ಎಳೆದಿತ್ತು ನೋಡುತ್ತೇನೆ. ಇನ್ನೊಂದು, ಹಿಂದೆ ನೋಡದೆ ತೆರೆದ ಬಾಗಿಲು. ಇದರಲ್ಲಿ ‘ಬಾಗಿಲು ಮುಚ್ಚಿಯೇ ಇತ್ತು’ ಎಂಬ ವಾದ ಬರುತ್ತದೆ. ಮುಚ್ಚಿದ್ದರೆ ಬಾಗಿಲಿನ ಹೊರತಗಡು ಜಜ್ಜಿರಬೇಕು. ಬಾಗಿಲಿನ ಹಿಂದಿನ ಅಂಚು ಮಡಚಿ, ಕೀಲು ಮುಂದಕ್ಕೆ ಬಾಗಿದ್ದರೆ ಅದು ತೆರೆದಿತ್ತು.

ಪಾಲು ಎಷ್ಟೆಷ್ಟು ಎನ್ನುವುದನ್ನು ತಕರಾರು ಬಂದರೆ ನ್ಯಾಯಾಲಯ ತೀರ್ಮಾನಿಸುತ್ತದೆ; ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಗಾಡಿ ಸರಿಸುವ ಮೊದಲು, ಬರುತ್ತಿದ್ದ ಚಾಲಕರ ಕಣ್ಣಿನ ಎತ್ತರದಲ್ಲಿ 50 ಮತ್ತು 100 ಮೀಟರ್ ಹಿಂದಿನಿಂದ ಫೋಟೋ ತೆಗೆಯಿರಿ. ಜಜ್ಜಿದ ಬಂಪರಿನ ಫೋಟೋ ಎಲ್ಲರೂ ಕೊಡುತ್ತಾರೆ, ಇದನ್ನು ಯಾರೂ ಕೊಡುವುದಿಲ್ಲ. ಮಡ್‌ಗಾರ್ಡಿನ ಅಡಿಯಿಂದ ಒಣಮಣ್ಣು ಉದುರಿದ ಜಾಗವೇ ಸಾಮಾನ್ಯವಾಗಿ ಗುದ್ದು ಬಿದ್ದ ಜಾಗಕ್ಕೆ ಹತ್ತಿರ. ಯಾರಾದರೂ ಗುಡಿಸುವ ಮೊದಲು ರಸ್ತೆಯ ಅಂಚಿನಿಂದ ಅಲ್ಲಿಗೆ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳಿ.