ಅಷ್ಟಮಿ ದಿನ ಗಣಿತ: ಮಗನಿಗೆ ಮನೆಯಲ್ಲೇ ವೇದ, ಮನೆಯಲ್ಲೇ ಹತ್ತನೇ ಕ್ಲಾಸು

ಮಗ ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದೆ ಪರೀಕ್ಷೆ ಬರೆಯಬಹುದಾದ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ) ಹತ್ತನೇ ಕ್ಲಾಸು ಪಾಸಾದ. ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆಯ 44 ಪ್ರಶ್ನಗಳೂ, ಅಂದರೆ ಅಧ್ಯಾಯಗಳೂ, ಬಾಯಲ್ಲಿವೆ. ‘ಹುಡುಗನ ಬದುಕು ಹಾಳು ಮಾಡ್ತಿದ್ದೀಯ’ ಅಂತ ಆರು ವರ್ಷ ಬೈದ ಭಾವನವರೇ ಮೊನ್ನೆ ಫೋನ್ ಮಾಡಿ, ಅರ್ಜಿ ತುಂಬೋದು ಹೇಗೆ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಸೋಲು. ಶಾಲೆ ಬಿಡಿಸಿ ಮನೆಯಲ್ಲೂ ಶಾಲೆಯನ್ನೇ ಮಾಡಿದ್ದೆ. ಬೆಳಿಗ್ಗೆ ಎರಡು ಗಂಟೆ ಕಾಲ ಸಂಥೆ (ನಾನು ಹೇಳಿದ್ದನ್ನು ಕೇಳಿ ತಿರುಗಿ ಹೇಳುವ ವೇದಪಾಠ), ಆಮೇಲೆ ಐದು ಪೀರಿಯಡ್ಡು, ಗೋಡೆಗೆ ಟೈಮ್ ಟೇಬಲ್ಲು. ಮೂರೇ ತಿಂಗಳಲ್ಲಿ ಹುಡುಗನಿಗೆ ಎರಡೂ ಬೇಡವಾಯಿತು.

ದಾರಿ ಸಿಕ್ಕಿದ್ದು ಪಂಚಾಂಗದಲ್ಲಿ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ ಹೇಗೂ ಅನಧ್ಯಯನ, ವೇದಪಾಠಕ್ಕೆ ರಜೆ. ತಿಂಗಳಿಗೆ ಎಂಟು ದಿನ ಸುಮ್ನೆ ಹೋಗುತ್ತಿತ್ತು. ಆ ಎಂಟೂ ದಿನ ಗಣಿತ, ವಿಜ್ಞಾನಕ್ಕೇ ಮೀಸಲಿಟ್ಟೆವು. ಹೇಳಿಕೊಟ್ಟವಳು ನನ್ನ ಹೆಂಡತಿ, ಬಿ.ಎಸ್ಸಿ. ಓದಿದ್ದಾಳೆ. ಉಳಿದ ದಿನ ಮಧ್ಯಾಹ್ನ ಒಂದೂವರೆ ಗಂಟೆ ಕಾಲ ಶಾಲೆಯ ಪಾಠ, ಅಷ್ಟೇ.

ಖರ್ಚು? ಶಾಲೆಯ ಫೀಸು ಸುಮಾರು 40 ಸಾವಿರ ಉಳಿಯಿತು ಅಂತ ಹಿಗ್ಗಿದ್ದೆ. ಆದರೆ ಬೆಳಗಿನ ಸಂಥೆ ತಪ್ಪಿಸಬಾರದು ಅಂತ ಎಷ್ಟೋ ಗೃಹಪ್ರವೇಶ, ಗಣಹೋಮದ ಪೌರೋಹಿತ್ಯ ಬಿಟ್ಟೆ. ತಿಂಗಳಿಗೆ ಎಂಟು ಸಾವಿರವಾದರೂ ಹೋಗಿರಬೇಕು. ಒಂದು ಆನ್‌ಲೈನ್ ಕೋರ್ಸಿಗೆ 18 ಸಾವಿರ ಕಟ್ಟಿದ್ದು ಶುದ್ಧ ದಂಡ. ಎನ್‌ಐಒಎಸ್ ಪುಸ್ತಕಗಳೇ ಸಾಕಿತ್ತು.

ನಡುವೆ ಒಂದು ಪ್ರಯೋಗ. ನಾನು ಊರಿಗೆ ಹೋದಾಗ ವಿಡಿಯೋ ಕಾಲ್‌ನಲ್ಲಿ ಸಂಥೆ ಹೇಳಿದೆ. ವಿಸರ್ಗ ಮೊಬೈಲ್‌ನಲ್ಲಿ ಮಾಯ! ವಾಪಸ್ ಬಂದು, ತಲೆ ಹಿಡಿದು ಅನುದಾತ್ತಕ್ಕೆ (ಇಳಿದ ಸ್ವರ) ಬಗ್ಗಿಸಿ, ಸ್ವರಿತಕ್ಕೆ (ಏರಿದ ಸ್ವರ) ಎತ್ತಿ, ಮೊದಲಿಂದ ಹೇಳಿಸಬೇಕಾಯಿತು. ಹದಿನೈದು ದಿನ ಹಿಡಿಯಿತು.

ನಿಜವಾದ ಪೆಟ್ಟು ಬಿದ್ದಿದ್ದು ಸಂಸ್ಕೃತದಲ್ಲಿ. ರುದ್ರದ ಹನ್ನೊಂದು ಅನುವಾಕ ನಿದ್ದೆಯಲ್ಲೂ ಹೇಳುವ ಹುಡುಗ ದೇವನಾಗರಿ ಬರೆಯಲು ಕೂತರೆ ಒಂದು ಪುಟಕ್ಕೆ ಅರ್ಧ ಗಂಟೆ. ಕೇಳಿ ಕಲಿತವನ ಕೈ ಓಡುವುದಿಲ್ಲ, ಇದು ನನಗೆ ಹೊಳೆದೇ ಇರಲಿಲ್ಲ. ದಿನಕ್ಕೆ ಒಂದು ಪುಟ ಕಾಪಿ ಬರೆಸಿದೆ, ನಾಲ್ಕು ತಿಂಗಳು. ಕೊನೆಗೆ ಸಂಸ್ಕೃತದಲ್ಲೇ ಜಾಸ್ತಿ ಅಂಕ ಬಂತು. ಗಣಿತ ಮಾತ್ರ ಏಪ್ರಿಲ್‌ನಲ್ಲಿ ಮೂರ್ನಾಲ್ಕು ಅಂಕದಲ್ಲಿ ಕೈಕೊಟ್ಟಿತು. ಅದೊಂದನ್ನೇ ಅಕ್ಟೋಬರ್‌ನಲ್ಲಿ ಬರೆದ.

ಹಳೆಯ ಪಾಠ ಮರೆಯದ ಹಾಗೆ ಆವೃತ್ತಿ ಮಾಡಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಇಲ್ಲಿ ಹೇಳಲ್ಲ, ಮನೆಗೆ ಬನ್ನಿ.

ಚಿಕ್ಕವನಿಗೆ ಬರುವ ಮಾಘದಲ್ಲಿ ಮುಂಜಿ. ಅವನು ಎಂಟಕ್ಕೆ ಮುಂಚೆ ಏಳುವುದೇ ಇಲ್ಲ. ನೋಡಬೇಕು.