ಗೆಳತಿಯ ಜೊತೆ ನಾಕ್ಸೋಸ್‌ನಲ್ಲಿ ಒಂದು ವಾರ: ಅವಸರವಿಲ್ಲದೆ ಇದ್ದು ಬರುವುದು ಹೇಗೆ

ಗ್ರೀಸ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಮೊದಲು ಬರುವುದು ಸ್ಯಾಂಟೊರಿನಿ. ಚೆಂದದ ಜಾಗವೇ. ಆದರೆ ಇಬ್ಬರು ಸ್ನೇಹಿತರು ಆರಾಮಾಗಿ ನೀರಿಗಿಳಿದು, ತಿಂದು, ಮಲಗಿ, ಮನಸಾರೆ ಹರಟಿ ಬರಬೇಕು ಅಂದರೆ ನಾನು ನಾಕ್ಸೋಸ್ ಅಂತಲೇ ಹೇಳುತ್ತೇನೆ. ಗ್ರೀಸಿನ ಸಿಕ್ಲಡೀಸ್ ಅನ್ನುವ ದ್ವೀಪಗಳ ಗುಂಪಿನಲ್ಲಿ ಇದೇ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ಪ್ರವಾಸಿಗರನ್ನೇ ನಂಬಿಕೊಂಡ ಊರಲ್ಲ. ಆಲೂಗಡ್ಡೆ ಬೆಳೆಯುತ್ತಾರೆ, ದನ ಸಾಕುತ್ತಾರೆ, ಚೀಸ್ ಮಾಡುತ್ತಾರೆ. ಹಾಗಾಗಿ ಊಟ ರುಚಿ, ಖರ್ಚೂ ಸ್ಯಾಂಟೊರಿನಿಗಿಂತ ಕಡಿಮೆ.

ಒಂದು ವಾರ ಇದ್ದರೆ ದ್ವೀಪ ಒಂದೇ ಇರಲಿ. ಇದರಲ್ಲಿ ಮಾತ್ರ ರಾಜಿ ಬೇಡ. ದ್ವೀಪ ಬದಲಾಯಿಸುವುದು ನಕ್ಷೆಯಲ್ಲಿ ಎರಡು ಗಂಟೆಯ ಕೆಲಸದಂತೆ ಕಾಣುತ್ತದೆ, ನಿಜವಾಗಿ ಚೀಲ ಕಟ್ಟಿ, ರೂಮು ಖಾಲಿ ಮಾಡಿ, ಬಂದರಿನ ಬಿಸಿಲಲ್ಲಿ ಹಡಗು ಕಾದು, ಇನ್ನೊಂದು ರೂಮಿನ ಬೀಗದ ಕೈ ಸಿಗುವ ಹೊತ್ತಿಗೆ ಒಂದು ದಿನವೇ ಕೈಬಿಟ್ಟು ಹೋಗಿರುತ್ತದೆ. ನಾವೂ ಮೊದಲು ಎರಡು ದ್ವೀಪ ಅಂದುಕೊಂಡಿದ್ದೆವು. ಒಂದನ್ನು ಯೋಜನೆಯಿಂದ ಕೈಬಿಟ್ಟ ದಿನವೇ ಇಬ್ಬರಿಗೂ ರಜೆ ಶುರುವಾದ ಹಾಗಾಯಿತು.

ಯಾವಾಗ ಹೋಗಬೇಕು? ಜೂನ್ ಅಥವಾ ಸೆಪ್ಟೆಂಬರ್. ಸೆಪ್ಟೆಂಬರಿನಲ್ಲಿ ಬೇಸಿಗೆಯಿಡೀ ಕಾದ ಸಮುದ್ರ ಬೆಚ್ಚಗಿರುತ್ತದೆ, ಜನ ಕಡಿಮೆ. ಮೇ ತಿಂಗಳಲ್ಲಿ ಹೂವು ನೋಡಬಹುದು, ನೀರು ಮಾತ್ರ ತಣ್ಣಗೆ. ಜುಲೈ ಮತ್ತು ಆಗಸ್ಟಿನಲ್ಲಿ ಮೆಲ್ತೆಮಿ ಅನ್ನುವ ಉತ್ತರದ ಗಾಳಿ ಜೋರಾಗಿ ಬೀಸುತ್ತದೆ. ಆಗಸ್ಟ್ 15 ಅಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ, ಗ್ರೀಕರೇ ಊರಿಗೆ ಹೋಗುವ ಸಮಯ, ಆ ವಾರ ಬೇಡ.

ಭಾರತದಿಂದ ಹೊರಡುವವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದಲೇ ಅರ್ಜಿ ಹಾಕಬಹುದು. ಕಡೇ ಪಕ್ಷ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಇಬ್ಬರೂ ಒಂದೇ ದಿನ ಅರ್ಜಿ ಕೊಡಿ. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೆ ಕಾಯುವ ಸಂಕಟ ಬೇಡ.

ಹಡಗು ಹೊರಡುವುದು ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಮೆಟ್ರೋ ನೇರ ಹೋಗುತ್ತದೆ, ಎಕ್ಸ್96 ಬಸ್ಸು ರಾತ್ರಿಯಿಡೀ ಓಡುತ್ತದೆ. ದೊಡ್ಡ ಹಡಗಿಗೆ ನಾಕ್ಸೋಸ್ ತಲುಪಲು ಐದು ಗಂಟೆ ಚಿಲ್ಲರೆ ಬೇಕು. ವೇಗದ ದೋಣಿಗಳು ಬೇಗ ಮುಟ್ಟಿಸುತ್ತವೆ, ಆದರೆ ಅಲೆಯಿದ್ದರೆ ಹೊಟ್ಟೆ ತೊಳಸುತ್ತದೆ, ತಾಜಾ ಗಾಳಿಗೆ ಹೊರಗೆ ಕೂರುವ ಜಾಗವೂ ಸಿಗುವುದು ಕಷ್ಟ. ದೊಡ್ಡ ಹಡಗನ್ನೇ ಹಿಡಿದು ಮೇಲಿನ ಡೆಕ್‌ನಲ್ಲಿ ಕೂತುಬಿಡಿ. ಸಾಮಾನ್ಯವಾಗಿ ಮೊದಲು ಪಾರೋಸ್ ಅನ್ನುವ ಪಕ್ಕದ ದ್ವೀಪ ಬರುತ್ತದೆ, ಎಲ್ಲರೂ ಎದ್ದರು ಅಂತ ಅಲ್ಲೇ ಇಳಿಯಬೇಡಿ. ಇನ್ನೊಂದು ಮಾತು, ವಾಪಸು ಬರುವಾಗ ವಿಮಾನದ ಹಿಂದಿನ ದಿನವೇ ಅಥೆನ್ಸ್ ಸೇರಿಕೊಳ್ಳಿ. ಗಾಳಿ ಜಾಸ್ತಿಯಾದರೆ ಹಡಗುಗಳನ್ನು ನಿಲ್ಲಿಸಿಬಿಡುತ್ತಾರೆ.

ರೂಮು ಎಲ್ಲಿ ಅಂದರೆ, ಹೋರಾ ಅನ್ನುವ ಬಂದರಿನ ಊರಲ್ಲೇ, ಅಗಿಯೋಸ್ ಗಿಯೋರ್ಗಿಯೋಸ್ ಕಡಲತೀರದ ಹತ್ತಿರ. ಊರಿಂದ ನಡೆದು ಹೋಗುವಷ್ಟು ದೂರ, ತುಂಬಾ ದೂರದವರೆಗೆ ನೀರು ಆಳವಿಲ್ಲ. ಈಜು ಬರದ ನನ್ನಂಥವರು ಸೊಂಟದ ಮಟ್ಟದ ನೀರಲ್ಲಿ ಧೈರ್ಯವಾಗಿ ನಿಲ್ಲಬಹುದು. ಬುಕ್ ಮಾಡುವಾಗ ಮಂಚ ಎರಡಿದೆಯಾ ಅಂತ ಕೇಳಿ. ಸ್ನೇಹ ಎಷ್ಟೇ ಗಟ್ಟಿಯಿರಲಿ, ನಿದ್ದೆ ಬೇರೆ ವಿಷಯ. ಶೌಚಾಲಯದಲ್ಲಿ ಪೇಪರನ್ನು ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಬುಟ್ಟಿಗೆ ಹಾಕಬೇಕು, ಅಲ್ಲಿನ ಪೈಪುಗಳು ಸಣ್ಣವು.

ಇನ್ನು ಇಬ್ಬರ ನಡುವಿನ ವ್ಯವಸ್ಥೆ. ಮೊದಲ ದಿನವೇ ಇಬ್ಬರೂ ಅಷ್ಟಷ್ಟು ದುಡ್ಡು ಒಂದು ಪರ್ಸಿಗೆ ಹಾಕಿ, ಕಾಫಿ, ಬಸ್ಸು, ಊಟ ಎಲ್ಲ ಅದರಿಂದಲೇ ಕೊಡಿ, ಮುಗಿದರೆ ಮತ್ತೆ ತುಂಬಿ. ಲೆಕ್ಕದ ಮಾತೇ ಬರುವುದಿಲ್ಲ. ದಿನಕ್ಕೆ ಎರಡು ಗಂಟೆ ಬೇರೆ ಬೇರೆ ಇರಿ. ನನ್ನ ಗೆಳತಿ ಎಂಟೂವರೆಗೆ ಏಳುವವಳು, ನಾನು ಆರಕ್ಕೆ. ಆ ಹೊತ್ತಲ್ಲಿ ನಾನೊಬ್ಬಳೇ ಪೋರ್ತಾರಾಕ್ಕೆ ನಡೆದು ಹೋಗುತ್ತಿದ್ದೆ. ಕ್ರಿ.ಪೂ. 6ನೇ ಶತಮಾನದಲ್ಲಿ ಅಪೋಲೋ ದೇವರಿಗೆ ಅಂತ ಶುರುಮಾಡಿ ಮುಗಿಸದೇ ಬಿಟ್ಟ ಗುಡಿಯ ಅಮೃತಶಿಲೆಯ ಬಾಗಿಲುವಾಡ ಅದು. ಸಂಜೆ ಜಾತ್ರೆಯಂತೆ ಜನ ಸೇರುತ್ತಾರೆ, ಬೆಳಿಗ್ಗೆ ಯಾರೂ ಇರುವುದಿಲ್ಲ. ವಾಪಸು ಬಂದು ಅವಳ ಜೊತೆ ಕಾಫಿ ಕುಡಿಯುವಾಗ ಹೇಳಲು ನನ್ನ ಹತ್ತಿರ ಏನಾದರೂ ಇರುತ್ತಿತ್ತು.

ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಊರು ಮಲಗುತ್ತದೆ. ನೀವೂ ಮಲಗಿ. ರಾತ್ರಿ ಊಟ ಒಂಬತ್ತಕ್ಕೆ. ನೀವಾಗಿ ಕೇಳುವವರೆಗೆ ಬಿಲ್ಲು ತರುವುದಿಲ್ಲ, ಎಷ್ಟು ಹೊತ್ತು ಕೂತರೂ ಯಾರೂ ಏಳಿಸುವುದಿಲ್ಲ. 'ಸಿಗಾ ಸಿಗಾ' ಅನ್ನುತ್ತಾರೆ, ನಿಧಾನ ನಿಧಾನ ಅಂತ. 'ನೆ' ಅಂದರೆ ಹೌದು, ನಮ್ಮ ಕಿವಿಗೆ ಉಲ್ಟಾ ಕೇಳಿಸುತ್ತದೆ. ಇಲ್ಲ ಅನ್ನಲು ಗಲ್ಲ ಮೇಲೆತ್ತಿ 'ಚ್' ಅನ್ನುತ್ತಾರೆ. ಅದು ಮಾತ್ರ ನಮ್ಮದೇ ಅಲ್ವಾ!

ಸಸ್ಯಾಹಾರಿಗಳು ಹೆದರಬೇಡಿ. ಗ್ರೀಕರು ವರ್ಷದಲ್ಲಿ ತುಂಬಾ ದಿನ ಉಪವಾಸದ ಅಡುಗೆ ಮಾಡುವವರು, ಮಾಂಸ, ಹಾಲು, ಮೊಟ್ಟೆ ಇಲ್ಲದ್ದು. ಅದಕ್ಕೆ 'ನಿಸ್ತೀಸಿಮೊ' ಅನ್ನುತ್ತಾರೆ. ಆದರೆ ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ, ಅದಕ್ಕೆ ಅದೂ ಬೇಡ ಅಂತ ಬಿಡಿಸಿ ಹೇಳಿ. ಫಾವಾ ಕೇಳಿ: ಹಳದಿ ಬೇಳೆಯನ್ನು ಗಟ್ಟಿಯಾಗಿ ಬೇಯಿಸಿ ಆಲಿವ್ ಎಣ್ಣೆ, ಹಸಿ ಈರುಳ್ಳಿ, ನಿಂಬೆರಸ ಹಾಕಿರುತ್ತಾರೆ, ನಮ್ಮ ತೊವ್ವೆಯ ನೆಂಟ. ಈರುಳ್ಳಿ ಟೊಮೆಟೊ ತುಂಬಿದ ಬದನೆಕಾಯಿಗೆ ಇಮಾಮ್ ಅನ್ನುತ್ತಾರೆ, ಎಣ್ಣೆಗಾಯಿ ನೆನಪಾಗುತ್ತದೆ, ಖಾರ ಮಾತ್ರ ಇಲ್ಲ. ಯೆಮಿಸ್ತಾ ಅನ್ನುವುದು ಅನ್ನ ತುಂಬಿದ ಟೊಮೆಟೊ, ದಪ್ಪ ಮೆಣಸಿನಕಾಯಿ. ಕೆಲವು ಕಡೆ ಕೈಮಾ ಸೇರಿಸುತ್ತಾರೆ, ಕೇಳಿಯೇ ತಗೊಳ್ಳಿ. ನಾಕ್ಸೋಸಿನ ಆಲೂಗಡ್ಡೆ ಇಡೀ ಗ್ರೀಸಿನಲ್ಲಿ ಹೆಸರುವಾಸಿ. ಹುರಿದ ಒಂದು ತಟ್ಟೆ ಸಾಲುವುದಿಲ್ಲ.

ಸುಮ್ನೆ ಕೂತು ಬೇಜಾರಾದರೆ ಒಂದು ದಿನ ಬಸ್ಸು ಹಿಡಿದು ಗುಡ್ಡದ ಊರುಗಳಿಗೆ ಹೋಗಿ. ಹಾಲ್ಕಿಯಲ್ಲಿ 1896ರಿಂದ ಒಂದೇ ಮನೆತನದವರು ಕಿತ್ರೋನ್ ಅನ್ನುವ ಮದ್ಯ ಇಳಿಸುತ್ತಿದ್ದಾರೆ, ಮಾದಲದ ಎಲೆಯಿಂದ. ಹೌದು, ನಮ್ಮ ಮಾದಲ ಹಣ್ಣಿನ ಗಿಡವೇ. ಅಪಿರಾಂಥೋಸ್‌ನ ಓಣಿಗಳಿಗೆ ಅಮೃತಶಿಲೆ ಹಾಸಿದ್ದಾರೆ, ಸವೆದು ನುಣುಪಾಗಿವೆ, ಜಾರದ ಚಪ್ಪಲಿ ಇರಲಿ. ಕೊನೆಯ ಬಸ್ಸಿನ ಸಮಯವನ್ನು ಹೊರಡುವ ಮುಂಚೆಯೇ ಫೋಟೋ ಹೊಡೆದಿಟ್ಟುಕೊಳ್ಳಿ. ಸ್ಕೂಟರ್ ಬೇಕು ಅನಿಸಿದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಲ್ಲೇ ಮಾಡಿಸಿಕೊಂಡು ಹೋಗಿ. ಬೆಟ್ಟದ ತಿರುವು ಮತ್ತು ಆ ಗಾಳಿ ಎರಡೂ ಸೇರಿದರೆ ನನಗೆ ಬಸ್ಸೇ ವಾಸಿ. ಉಳಿದ ದಿನಗಳಿಗೆ ಪ್ಲಾಕಾ ಕಡಲತೀರ ಇದೆ. ಉದ್ದಕ್ಕೂ ಮರಳು, ದುಡ್ಡು ಕೊಟ್ಟು ಒರಗುಕುರ್ಚಿ ತಗೊಳ್ಳಬೇಕಿಲ್ಲ, ಟವೆಲ್ ಹಾಸಿದರೆ ಆಯಿತು.

ಹೊರಡುವ ದಿನ ಹೋರಾದ ಅಂಗಡಿಯಲ್ಲಿ ಗ್ರಾವಿಯೆರಾ ಚೀಸು, ಬ್ರೆಡ್ಡು, ನಾಲ್ಕು ಟೊಮೆಟೊ ತಗೊಳ್ಳಿ. ಹಡಗಿನ ಐದು ಗಂಟೆಗೆ ಅದೇ ಊಟ. ಟೊಮೆಟೊ ಹೆಚ್ಚಲು ಪುಟ್ಟ ಚಾಕು ಬೇಡ, ಕಚ್ಚಿಯೇ ತಿನ್ನಬಹುದು, ನಾವು ಹಾಗೇ ತಿಂದೆವು. ಪಾರೋಸ್ ದಾಟುವ ಹೊತ್ತಿಗೆ ಗೆಳತಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು.