ಸೂರ್ಯನನ್ನು ನಡುಮನೆಗೆ ಕರೆತರುವುದು ಹೇಗೆ?

ಒಂದು ಪುಟ್ಟ ಕನ್ನಡಿ, ಮಕ್ಕಳಾಡುವ ಪ್ಲಾಸ್ಟಿಕ್ ಚೆಂಡು, ಒಂದಿಷ್ಟು ಮರಳು. ಇಷ್ಟಿದ್ದರೆ ಸೂರ್ಯನ ಬಿಂಬವನ್ನು ಮನೆಯ ಗೋಡೆ ಮೇಲೆ ಮೂಡಿಸಬಹುದು. ಯಾರೂ ಮೇಲೆ ಮುಖ ಎತ್ತಬೇಕಾಗಿಲ್ಲ. ಅಜ್ಜಿಯಿಂದ ಹಿಡಿದು ಪಕ್ಕದ ಮನೆ ಮಕ್ಕಳವರೆಗೆ ಎಲ್ಲರೂ ಒಟ್ಟಿಗೆ ಕೂತು ನೋಡಬಹುದು.

ಸುಲಭದ ಕೆಲಸವೇ. ಆದರೂ ತುಂಬಾ ಜನ ಕೆಡಿಸುತ್ತಾರೆ. ಕನ್ನಡಿಯನ್ನು ಕಿಟಕಿ ಹತ್ತಿರವೇ ಇಡುತ್ತಾರೆ, ಕನ್ನಡಿಗೆ ಮುಚ್ಚುವ ಕಾಗದದ ತೂತು ದೊಡ್ಡದು ಮಾಡುತ್ತಾರೆ, ಕೋಣೆಯ ಬಾಗಿಲೆಲ್ಲ ತೆರೆದೇ ಇರುತ್ತದೆ. ಗೋಡೆ ಮೇಲೆ ಬಿಳಿ ಕಲೆಯೊಂದು ಬೀಳುತ್ತದೆ. ‘ಇಷ್ಟೇನಾ?’ ಅಂತ ಬಂದವರು ಕಾಫಿ ಕಡೆ ಹೊರಡುತ್ತಾರೆ.

ಹೆಜ್ಜೆ 1: ಕನ್ನಡಿ

ಮೂರು ಇಂಚಿನ ಚಪ್ಪಟೆ ಗಾಜಿನ ಕನ್ನಡಿ ಸಾಕು. ಜಾತ್ರೆಯಲ್ಲಿ ಸಿಗುತ್ತದಲ್ಲ, ಅದೇ. ಶೇವಿಂಗ್ ಕನ್ನಡಿ ಬೇಡ. ಅದರ ಒಂದು ಮುಖ ತಗ್ಗಾಗಿರುತ್ತದೆ, ಬೆಳಕನ್ನು ಒಟ್ಟುಗೂಡಿಸಿ ಎಲ್ಲೆಲ್ಲೋ ಚೆಲ್ಲುತ್ತದೆ. ಕರಕುಶಲ ಸಾಮಾನಿನ ಅಂಗಡಿಯ ಪ್ಲಾಸ್ಟಿಕ್ ಕನ್ನಡಿ ಹಾಳೆಯಂತೂ ಮುಟ್ಟಲೇಬೇಡಿ, ಬೆರಳು ತಾಗಿದರೆ ಬಾಗುತ್ತದೆ. ಚೂಪು ಅಂಚಿದ್ದರೆ ಸುತ್ತ ಟೇಪು ಹಚ್ಚಿ.

ಕನ್ನಡಿ ಪೂರ್ತಿ ಮುಚ್ಚುವಷ್ಟು ದಪ್ಪ ಕಪ್ಪು ಕಾಗದದ ಎರಡು ಮುಸುಕು ಕತ್ತರಿಸಿಕೊಳ್ಳಿ. ಒಂದರಲ್ಲಿ 5 ಮಿಲಿಮೀಟರ್ ಅಗಲದ ದುಂಡು ತೂತು, ಇನ್ನೊಂದರಲ್ಲಿ ಅಷ್ಟೇ ಅಗಲದ ತ್ರಿಕೋನ ತೂತು. ತ್ರಿಕೋನ ಯಾಕೆ ಅಂತ ಈಗಲೇ ಯಾರಿಗೂ ಹೇಳಬೇಡಿ.

ಹೆಜ್ಜೆ 2: ಚೆಂಡು

ಚೆಂಡಿಗೆ ಸಣ್ಣ ಕಿಂಡಿ ಕೊರೆದು ಮರಳು ತುಂಬಿ, ಟೇಪು ಹಚ್ಚಿ ಮುಚ್ಚಿ. ಮೇಲೆ ಕನ್ನಡಿ ಅಂಟಿಸಿ. ಚೆಂಡನ್ನು ಸಿಂಬಿ ಮೇಲೆ ಕೂರಿಸಿ. ಸಿಂಬಿ ಇಲ್ಲದಿದ್ದರೆ ಟವೆಲ್ ಸುತ್ತಿ ಮಾಡಿಕೊಳ್ಳಿ. ಈಗ ಕನ್ನಡಿಯನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು, ತಿರುಗಿಸಿದಲ್ಲೇ ನಿಲ್ಲುತ್ತದೆ.

ಮರಳು ತುಂಬುವ ರಗಳೆ ಯಾಕೆ, ಕೈಯಲ್ಲೇ ಹಿಡಿಯೋಣ ಅನ್ನುವವರು ಇದ್ದೇ ಇರುತ್ತಾರೆ. ಕನ್ನಡಿ ಒಂದು ಡಿಗ್ರಿ ವಾಲಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಹತ್ತು ಮೀಟರ್ ಆಚೆಯ ಗೋಡೆಯಲ್ಲಿ ಅದು ಒಂದಡಿಗಿಂತ ಜಾಸ್ತಿ. ಎಷ್ಟೇ ಗಟ್ಟಿ ಕೈಯಾದರೂ ಅಷ್ಟು ನಡುಗದೆ ಇರುವುದಿಲ್ಲ.

ಹೆಜ್ಜೆ 3: ಜಾಗ ಮತ್ತು ದೂರ

ಎಲ್ಲರೂ ಎಡವುವುದು ಇಲ್ಲೇ. ಬಿಂಬದ ಗಾತ್ರ ಕನ್ನಡಿಯ ಗಾತ್ರದಿಂದ ಬರುವುದಲ್ಲ, ದೂರದಿಂದ. ಕನ್ನಡಿಯಿಂದ ಗೋಡೆಗೆ ಎಷ್ಟು ದೂರವೋ ಅದರ ಸುಮಾರು 108ನೇ ಒಂದು ಭಾಗ ಬಿಂಬದ ಅಗಲ. ಎರಡು ಮೀಟರಿಗೆ ಬರುವುದು ಬರೀ 2 ಸೆಂಟಿಮೀಟರ್. ಹತ್ತು ಮೀಟರಿಗೆ 9 ಸೆಂಟಿಮೀಟರ್, ಅಂದರೆ ಸಣ್ಣ ಸಾಸರಿನಷ್ಟು. ಇಪ್ಪತ್ತು ಮೀಟರಿಗೆ ತಿಂಡಿ ತಟ್ಟೆಯಷ್ಟು. ಹತ್ತಕ್ಕಿಂತ ಕಡಿಮೆಯಾದರೆ ನೋಡುವವರನ್ನು ಕರೆಯಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಕನ್ನಡಿ ಅಂಗಳದಲ್ಲಿ, ಗೋಡೆ ಒಳಗೆ. ಮುಂಬಾಗಿಲಿಂದ ನೇರ ನಡುಮನೆ ಕಾಣುವ ಹಳೇ ಮನೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗಿನ ಪಾರ್ಟಿ ಹಾಲ್ ಕೇಳಿಕೊಳ್ಳಿ.

ಯಾವ ಹೊತ್ತು? ಅಂಗಳದಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತುಕೊಂಡು ನಿಮ್ಮ ನೆರಳು ನೋಡಿ. ನೆರಳು ಬೆನ್ನ ಹಿಂದೆ ಬಿದ್ದರೆ ಒಳ್ಳೆಯದು, ಪಕ್ಕಕ್ಕೆ ಬಿದ್ದರೂ ನಡೆಯುತ್ತದೆ. ಮುಂದಕ್ಕೆ, ಅಂದರೆ ಮನೆಯ ಕಡೆಗೆ ಬಿದ್ದರೆ ಆಗುವುದಿಲ್ಲ. ಬೆಳಕು ಕನ್ನಡಿಯನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಸರಿಯಾಗಿ ತಿರುಗುವುದಿಲ್ಲ. ವಾಸ್ತು ನೋಡಿ ಪೂರ್ವಕ್ಕೆ ಬಾಗಿಲಿಟ್ಟವರು ಬೆಳಿಗ್ಗೆ ಒದ್ದಾಡುವುದು ಇದಕ್ಕೇ. ಅವರು ಸಂಜೆ ನಾಲ್ಕರ ಸುಮಾರಿಗೆ ಮಾಡಲಿ. ಮನೆಯ ನೆರಳು ಕನ್ನಡಿ ಮೇಲೆ ಬೀಳದಷ್ಟು ದೂರ ಸರಿಯಬೇಕು, ಅಷ್ಟೇ. ನಡುಮಧ್ಯಾಹ್ನ ಬೇಡ, ಸೂರ್ಯ ನೆತ್ತಿ ಮೇಲಿರುತ್ತಾನೆ.

ಹೆಜ್ಜೆ 4: ಗುರಿ ಹಿಡಿಯುವುದು

ಮೊದಲಿಗೇ ಮುಸುಕು ಹಾಕಿದರೆ ಬೆಳಕು ಎಲ್ಲಿ ಹೋಯಿತು ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಮುಸುಕಿಲ್ಲದೆ ಶುರು ಮಾಡಿ. ಕಡ್ಡಾಯವಾಗಿ ಇಬ್ಬರು ಬೇಕು. ಒಬ್ಬರು ಕನ್ನಡಿಯ ಪಕ್ಕದಲ್ಲಿ, ಇನ್ನೊಬ್ಬರು ಬಿಳಿ ರಟ್ಟು ಹಿಡಿದು ಕನ್ನಡಿಯಿಂದ ಮಾರು ದೂರದಲ್ಲಿ. ರಟ್ಟಿನ ಮೇಲೆ ಬೆಳಕಿನ ಚೌಕ ಬೀಳುವಂತೆ ಚೆಂಡು ತಿರುಗಿಸಿ. ರಟ್ಟು ಹಿಡಿದವರು ಆ ಚೌಕವನ್ನು ಬಿಡದೆ ಹಿಂದೆ ಹಿಂದೆ ಸರಿಯುತ್ತಾ ಬಾಗಿಲ ಕಡೆ ನಡೆಯಲಿ. ತಪ್ಪಿದರೆ ನಿಂತು ‘ಮೇಲೆ’, ‘ಎಡಕ್ಕೆ’ ಅಂತ ಕೂಗಲಿ. ಕನ್ನಡಿಯ ಪಕ್ಕದಲ್ಲಿರುವವರು ಚೆಂಡನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಲಿ. ಬೆಳಕು ಒಳಗಿನ ಗೋಡೆ ಮುಟ್ಟಿದ ಮೇಲೆ ಚೆಂಡಿನಿಂದ ಕೈ ತೆಗೆದು, ಅದನ್ನು ಅಲುಗಿಸದೆ ದುಂಡು ತೂತಿನ ಮುಸುಕು ಇಡಿ. ಮುಸುಕಿನ ಹಿಂದೆ ಮೊದಲೇ ಟೇಪು ಮಡಚಿ ಹಚ್ಚಿಟ್ಟಿದ್ದರೆ ಒತ್ತಡ ಹಾಕಬೇಕಾಗುವುದಿಲ್ಲ.

ಈ ಹೊತ್ತಿನಲ್ಲಿ ರಟ್ಟು ಹಿಡಿದವರು ರಟ್ಟನ್ನೇ ನೋಡಬೇಕು, ಕನ್ನಡಿಯನ್ನಲ್ಲ. ಕನ್ನಡಿಯೊಳಗಿನ ಸೂರ್ಯನೂ ಕಣ್ಣಿಗೆ ಅಷ್ಟೇ ಅಪಾಯ. ಆಮೇಲೂ ಬೆಳಕು ಹೋಗುವ ದಾರಿಗೆ ಎರಡು ಕುರ್ಚಿ ಇಟ್ಟು ಹಗ್ಗ ಕಟ್ಟಿ, ದೊಡ್ಡವರೊಬ್ಬರನ್ನು ಕಾವಲಿಗೆ ನಿಲ್ಲಿಸಿ. ಮಕ್ಕಳು ಬಗ್ಗಿ ನೋಡದೆ ಇರುವುದಿಲ್ಲ.

ಹೆಜ್ಜೆ 5: ಕತ್ತಲು

ಕಿಟಕಿಗಳಿಗೆ ಕಂಬಳಿ ಹಾಕಿ. ಬಾಗಿಲಿಗೆ ಚಾದರ ಇಳಿಬಿಟ್ಟು, ಬೆಳಕು ಬರಲು ಅಂಗೈಯಗಲದ ಸಂದಿ ಮಾತ್ರ ಬಿಡಿ.

ಹೆಜ್ಜೆ 6: ಜನರನ್ನು ಕೂರಿಸಿದ ಮೇಲೆ

ಗೋಡೆ ಮೇಲೆ ದುಂಡನೆಯ ಸೂರ್ಯ ಇರುತ್ತಾನೆ. ನಡುವೆ ಪ್ರಖರ, ಅಂಚಿನ ಕಡೆ ಸ್ವಲ್ಪ ಮಂಕು. ತೆಳು ಮೋಡ ದಾಟಿದರೆ ಅದರ ಚಿಂದಿ ಅಂಚು ಬಿಂಬದ ಮೇಲೆ ಹಾಯುವುದು ಕಾಣುತ್ತದೆ. ಭಾಷಣ ಬೇಡ. ಪೆನ್ಸಿಲ್ ಕೊಟ್ಟು ಬಿಂಬದ ಸುತ್ತ ಒಂದು ಗೆರೆ ಎಳೆಯಲು ಮಗುವಿಗೆ ಹೇಳಿ, ಆಮೇಲೆ ಸುಮ್ನೆ ಕಾಯಿರಿ. ಗೆರೆ ಎಳೆದು ಮುಗಿಯುವಷ್ಟರಲ್ಲೇ ಬಿಂಬ ಜಾರತೊಡಗಿರುತ್ತದೆ. ಎರಡು ನಿಮಿಷ ದಾಟುತ್ತಿದ್ದಂತೆ ಪೂರ್ತಿ ಗೆರೆಯ ಆಚೆ. ಕನ್ನಡಿ ಯಾರೋ ಅಲುಗಿಸಿದರು ಅಂತ ಜಗಳ ಶುರುವಾಗುತ್ತದೆ. ಆಗಲಿ ಬಿಡಿ. ಅಲುಗಿದ್ದು ಭೂಮಿ ಅಂತ ಯಾರಾದರೂ ತಾವಾಗಿ ಹೇಳುವವರೆಗೆ ನೀವು ಬಾಯಿ ಬಿಡಬೇಡಿ.

ಬಿಂಬದಲ್ಲಿ ಚುಕ್ಕೆ ಕಂಡರೆ ಅದು ಸೂರ್ಯನ ಕಲೆಯೋ ಸುಣ್ಣದ ಗೋಡೆಯ ಕೊಳೆಯೋ? ಬಿಂಬದ ಜೊತೆ ಜಾರಿದರೆ ಸೂರ್ಯನದು, ಅಲ್ಲೇ ಉಳಿದರೆ ಗೋಡೆಯದು. ಕಲೆ ಕಾಣಲೇಬೇಕು ಅಂತೇನಿಲ್ಲ, ದೊಡ್ಡ ಕಲೆ ಇದ್ದ ದಿನ, ದೂರವೂ ಚೆನ್ನಾಗಿದ್ದರೆ ಕಾಣುತ್ತದೆ.

ಈಗ ತ್ರಿಕೋನದ ಮುಸುಕು ಹಾಕಿ. ಗೋಡೆ ಮೇಲೆ ಏನು ಬೀಳುತ್ತದೆ ಅಂತ ಮೊದಲೇ ಬಾಜಿ ಕಟ್ಟಿಸಿ. ಹೆಚ್ಚಿನವರು ತ್ರಿಕೋನ ಅನ್ನುತ್ತಾರೆ. ಬೀಳುವುದು ಮತ್ತೆ ದುಂಡನೆಯ ಸೂರ್ಯನೇ. ಆಮೇಲೆ ರಟ್ಟನ್ನು ಕನ್ನಡಿ ಹತ್ತಿರ ಹಿಡಿದು ತೋರಿಸಿ: ಅಲ್ಲಿ ತ್ರಿಕೋನವೇ ಇರುತ್ತದೆ. ರಟ್ಟು ದೂರ ಸರಿದಂತೆ ಮೂಲೆಗಳು ಕರಗಿ ದುಂಡಗಾಗುತ್ತವೆ. ಸಣ್ಣ ತೂತು ಸಾಕಷ್ಟು ದೂರದಲ್ಲಿ ತನ್ನ ಆಕಾರ ಬಿಟ್ಟು ಸೂರ್ಯನ ಆಕಾರ ತೋರಿಸುತ್ತದೆ. ಹೆಂಚಿನ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲು, ಹೊಂಗೆ ಮರದಡಿಯ ಬಿಸಿಲ ಚುಕ್ಕೆಗಳು ದುಂಡಗಿರುವುದೂ ಇದಕ್ಕೇ. ಅಜ್ಜಿಯನ್ನು ಕೇಳಿದರೆ ಗ್ರಹಣದ ದಿನ ಮರದಡಿ ಆ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಆಗಿದ್ದು ನೆನಪಿದ್ದರೂ ಇರಬಹುದು.

ಗ್ರಹಣ ಅಂದೆನಲ್ಲ, 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕೊಡಗಿನ ಕಡೆಯವರು ಕಂಕಣ ಗ್ರಹಣವನ್ನೇ ನೋಡಿದರು. ಮುಂದೆ 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಗ್ರಹಣವಿದೆ. ಆಗಸ್ಟ್ ಮೋಡವನ್ನು ನಂಬುವ ಹಾಗಿಲ್ಲ, ಮಲೆನಾಡಿನವರಂತೂ ಬಯಲುಸೀಮೆಯ ನೆಂಟರಿಗೆ ಮೊದಲೇ ಫೋನ್ ಮಾಡಿಡುವುದು ವಾಸಿ. ಎಕ್ಸ್-ರೇ ಫಿಲಂ, ಮಸಿ ಹಿಡಿಸಿದ ಗಾಜು, ಸಿ.ಡಿ. ಇವು ಯಾವುದನ್ನೂ ಅಂದು ಕಣ್ಣಿಗೆ ಹಿಡಿಯಬೇಡಿ. ಚೆಂಡು ಕನ್ನಡಿ ಮೊದಲೇ ಅಭ್ಯಾಸವಾಗಿದ್ದರೆ ಇಡೀ ಬೀದಿಗೆ ಒಂದೇ ಸಾಕು. ಅತ್ತ ಯಾರಾದರೂ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿ, ಗ್ರಹಣದ ಶಕ್ತಿ ನೋಡಿ ಅಂದರೆ ವಾದಕ್ಕೆ ಇಳಿಯಬೇಡಿ. ಒನಕೆಯನ್ನು ಕೇಳಿ ಇಸಿದುಕೊಂಡು, ಮಾರನೇ ದಿನ ಅದೇ ಜನರ ಎದುರು ಅದೇ ತಟ್ಟೆಯಲ್ಲಿ ನಿಲ್ಲಿಸಿ. ತಳ ಸಮವಾಗಿದ್ದರೆ ಯಾವ ದಿನವೂ ನಿಲ್ಲುತ್ತದೆ.